ನಾಲಿಗೆಯ ರುಚಿ ಮತ್ತು ಮಕ್ಕಳ ಹುಳುಕು ಹಲ್ಲು

ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಂಗಿಯರಲ್ಲಿ ಒಬ್ಬರ ಹಲ್ಲು ಚಿಕ್ಕಂದಿನಲ್ಲಿಯೇ ಹುಳುಕಾಗುವುದೂ ಇನ್ನೊಬ್ಬರ ಹಲ್ಲು ದೃಢವಾಗಿ ಉಳಿಯುವುದೂ ಉಂಟು. ಆಗ "ಇದು ತಾಯಿಯ ತವರಿನಿಂದ ಬಂದ ಹಲ್ಲು" ಎಂದು ಸೊಸೆಯನ್ನು ದೂಷಿಸುವವರಿದ್ದಾರೆ. ಈ ಮಾತಿನಲ್ಲಿ ನ್ಯಾಯವಿಲ್ಲ. ವಂಶದಿಂದ ಬರುವ ಗುಣಗಳಲ್ಲಿ ನಾಲಿಗೆಯ ರುಚಿಯೂ ಒಂದು. ಅದು ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ.

1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಶಾಲೆಯಲ್ಲಿ ಪಿ.ಟಿ.ಸಿ. ಎಂಬ ಪುಡಿಯು ಗಾಳಿಗೆ ಹಾರಿತು. ಜೊತೆಗಿದ್ದವರ ಬಾಯಿ ಕಹಿಯಾಯಿತು. ಫಾಕ್ಸ್ ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಈ ಭೇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯನ್ನು 2003ರಲ್ಲಿ ಗುರುತಿಸಲಾಯಿತು. ಮಗುವಿಗೆ ಅದರ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ದೊರೆಯುತ್ತದೆ. ಎರಡೂ ಕಹಿ ತಿಳಿಯದ ಬಗೆಯವಾದರೆ ಮಗುವಿಗೆ ಆ ಕಹಿ ಬಹುಮಟ್ಟಿಗೆ ತಿಳಿಯದು. ಆದುದರಿಂದ ಕಹಿ ತಿಳಿಯುವ ದಂಪತಿಗಳಿಗೂ ಅದು ತಿಳಿಯದ ಮಗು ಹುಟ್ಟಬಹುದು. ಮೂಲಂಗಿ, ಎಲೆಕೋಸುಗಳಲ್ಲಿಯೂ ಈ ಜಾತಿಯ ಕಹಿಯಿದೆ. ಗಂಡನು ಇಷ್ಟಪಟ್ಟು ತಿನ್ನುವ ಮೂಲಂಗಿಯನ್ನು ಹೆಂಡತಿ ಒಲ್ಲೆನೆಂದರೆ ಇದೂ ಒಂದು ಕಾರಣವಿರಬಹುದು.

ಮಂಗಳೂರಿನ ದಂತ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹುದೇ ಇನ್ನೊಂದು ಕಹಿ ಪದಾರ್ಥದ ರುಚಿ ತಿಳಿಯದ ಮಕ್ಕಳಿಗೆ ಸಿಹಿಯ ಒಲವೂ ಹುಳುಕು ಹಲ್ಲೂ ಹೆಚ್ಚೆಂದು ಕಂಡುಬಂದಿತು. ಬೇರೆಡೆಯ ಎಲ್ಲ ಅಧ್ಯಯನಗಳೂ ಹೀಗೆಯೇ ಹೇಳುವುದಿಲ್ಲ. ಹುಟ್ಟಿನಿಂದ ಬಂದ ಒಲವು ಏನೇ ಇರಲಿ, ಸಕ್ಕರೆಯಿಲ್ಲದೆ ಹಲ್ಲು ಹುಳುಕಾಗುವುದಿಲ್ಲ.

ಹೆಸರು ಹುಳುಕಾದರೂ ಹಲ್ಲಿನಲ್ಲಿ ಹುಳುವಿರುವುದಿಲ್ಲ. ಹುಳು ತೆಗೆಯುತ್ತೇವೆಂದು ಸಂತೆಗೆ ಬರುವವರನ್ನು ನಂಬಬಾರದು. ಬಾಯಿಯ ಸೂಕ್ಷ್ಮ ರೋಗಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಅದು ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಸಿಹಿ ತಿಂದ ಪ್ರತಿ ಸಲವೂ ಸುಮಾರು 20ರಿಂದ 30 ನಿಮಿಷಗಳ ಕಾಲ ಈ ಆಮ್ಲದ ಹಾವಳಿ ನಡೆದು, ಬಳಿಕ ಜೊಲ್ಲು ಅದನ್ನು ತಗ್ಗಿಸುತ್ತದೆ. ಊಟದೊಡನೆ ಒಮ್ಮೆ ಹೋಳಿಗೆ ತಿಂದ ಮಗುವಿಗಿಂತ, ಅಷ್ಟೇ ಸಿಹಿಯನ್ನು ದಿನವಿಡೀ ಚೂರು ಚೂರಾಗಿ ಚೀಪಿದ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಬ್ಬು, ಬೆಲ್ಲ, ಜಾತ್ರೆಯ ಬೆಂಡು ಬತ್ತಾಸು ಮಕ್ಕಳಿಗೆ ಸುಲಭವಾಗಿ ಸಿಗುತ್ತವೆ. ಬೆಲ್ಲದಿಂದ ಹಲ್ಲಿಗೆ ಕೇಡಿಲ್ಲವೆಂಬುದು ತಪ್ಪು ತಿಳಿವಳಿಕೆ, ಅದೂ ಸಕ್ಕರೆಯೇ. ಸಿಹಿಗಾಗಿ ಹಟ ಮಾಡುವ ಮಗುವನ್ನು ಹೊಡೆಯಬೇಡಿರಿ. ಸಿಹಿಯನ್ನು ಊಟದ ಹೊತ್ತಿಗೆ ಮಾತ್ರ ಕೊಟ್ಟು, ನಡುವೆ ಹಸಿವಾದರೆ ರೊಟ್ಟಿ, ಹುರಿದ ಶೇಂಗಾ ಕೊಡಿರಿ. ತೀರ ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ ಬೇಡ, ಗಂಟಲಲ್ಲಿ ಸಿಕ್ಕೀತು. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವ ರೂಢಿಯಂತೂ ಕೂಡದು.

ಸುಮಾರು ಆರನೆಯ ತಿಂಗಳಿಗೆ ಮೊದಲ ಹಲ್ಲು ಮೂಡಿದಂದಿನಿಂದಲೇ ಬೆಳಿಗ್ಗೆಯೂ, ಮಲಗುವ ಮುನ್ನವೂ ಉಜ್ಜಬೇಕು. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಬಳಿಕ ಬಟಾಣಿ ಕಾಳಿನಷ್ಟು ಸಾಕು. ಆರನೆಯ ವರ್ಷಕ್ಕೆ ಹಿಂಬದಿಯಲ್ಲಿ ಬರುವ ದವಡೆ ಹಲ್ಲನ್ನು ಹಾಲುಹಲ್ಲೆಂದು ಅನೇಕರು ಅಲಕ್ಷಿಸುತ್ತಾರೆ. ಅದು ಬಿದ್ದುಹೋಗಿ ಮತ್ತೆ ಬರುವ ಹಲ್ಲಲ್ಲ. ಅದರ ಮೇಲೆ ಕಪ್ಪು ಚುಕ್ಕೆ ಕಂಡರೆ ನೋವು ಆರಂಭವಾಗುವ ಮುನ್ನವೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ.