ಆಟದ ಮುಖಚಿತ್ರವೂ ಬೆಳಕಿನ ಲೆಕ್ಕವೂ

ಸಂಜೆಯ ಹೊತ್ತು ರಸ್ತೆಯ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತವರಿಗೆಲ್ಲ ಈ ಅನುಭವವುಂಟು. ದೂರದಲ್ಲಿ ಬಸ್ಸು ಬರುವುದು ಕಾಣುತ್ತದೆ. ಅದರ ನೆತ್ತಿಯ ಹಲಗೆಯಲ್ಲಿ ಏನೋ ಬರೆದಿರುವುದೂ ಕಾಣುತ್ತದೆ. ಊರಿನ ಹೆಸರು ಮಾತ್ರ ತಿಳಿಯದು. ಓದಲು ಬರುವಷ್ಟು ಹತ್ತಿರವಾಗುವ ವೇಳೆಗೆ ಬಸ್ಸು ನಮ್ಮನ್ನು ದಾಟಿ ಹೋಗಿರುತ್ತದೆ. ಹಲಗೆಯನ್ನು ಬರೆದವನು ಅದರ ಎದುರಿಗೇ ಕುಳಿತು ಬರೆದನು. ಓದುವವನು ಎಲ್ಲಿ ನಿಂತಿರುವನೆಂದು ಅವನು ಯೋಚಿಸಲಿಲ್ಲ.

ವಿಡಿಯೋ ಆಟಗಳಿಗೆ ಮುಖಚಿತ್ರ ಬರೆಯುವವರೂ ಅನೇಕ ವೇಳೆ ಇದೇ ತಪ್ಪನ್ನು ಮಾಡುವುದುಂಟು. ಮುಖಚಿತ್ರವೆಂದರೆ ಅಂತರ್ಜಾಲದ ಮಳಿಗೆಯಲ್ಲಿ ಆಟದ ಹೆಸರಿನೊಡನೆ ಕಾಣುವ ಚಿತ್ರ. ಕಳೆದ ವರ್ಷ ನಮ್ಮ ವಿದ್ಯಾರ್ಥಿಗಳು ಮೂವರು, ತಾವು ಎರಡು ವರ್ಷ ದುಡಿದು ರಚಿಸಿದ ಮಾಯಾಲೋಕದ ಆಟವೊಂದರ ಮುಖಚಿತ್ರವನ್ನು ನಮಗೆ ತಂದು ತೋರಿಸಿದರು. ಅದರಲ್ಲಿ ಕೋಟೆಯಿತ್ತು, ಕೋಟೆಯ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್ ಇತ್ತು, ಕೆಳಗೆ ಸೈನ್ಯ, ಮುಂದೆ ಕತ್ತಿ ಹಿರಿದು ನಿಂತ ಹುಡುಗಿ. ಗಣಕದ ಪರದೆಯ ತುಂಬ ಹರಡಿದಾಗ ಚಿತ್ರವು ನಿಜವಾಗಿಯೂ ಸೊಗಸಾಗಿತ್ತು. ಮಳಿಗೆಯ ಪಟ್ಟಿಯಲ್ಲಿ ಕಾಣುವ ಅಳತೆಗೆ ಅದನ್ನು ಕುಗ್ಗಿಸಿ ನೋಡಿದೆವು. ಉಳಿದದ್ದು ಕಂದುಬಣ್ಣದ ಒಂದು ಮಚ್ಚೆ. ಎರಡು ವರ್ಷಗಳ ದುಡಿಮೆಯನ್ನು ಜನರು ಆ ಮಚ್ಚೆಯಿಂದ ಅಳೆಯುವರೆಂದು ತಿಳಿದಾಗ ಮೂವರೂ ಮಾತಿಲ್ಲದೆ ಕುಳಿತರು.

ಹೀಗಾದುದೇಕೆ? ಇದಕ್ಕೆ ಉತ್ತರವು ಚಿತ್ರಕಲೆಯಲ್ಲಿರುವಷ್ಟೇ ದ್ಯುತಿವಿಜ್ಞಾನದಲ್ಲಿಯೂ ಇದೆ.

ಸ್ಟೀಮ್ ಎಂಬ ಮಳಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2003ರಲ್ಲಿ ಆರಂಭವಾದ ಸ್ಟೀಮ್, ಆಟವನ್ನು ಮಾರಲು ಬಂದವರಿಂದ ಮುಖಚಿತ್ರವನ್ನು ಹಲವು ಅಳತೆಗಳಲ್ಲಿ ಕೇಳುತ್ತದೆ. ದೊಡ್ಡದೊಂದರಲ್ಲಿ 1232×706 ಬಿಂದುಗಳಿವೆ, ಸಣ್ಣದೊಂದರಲ್ಲಿ 462×174. ಬಿಂದುವೆಂದರೆ ಇಲ್ಲಿ ಪಿಕ್ಸೆಲ್. ಈ ಸಣ್ಣದನ್ನೂ ಮಳಿಗೆಯು ತಾನಾಗಿಯೇ ಮತ್ತಷ್ಟು ಕುಗ್ಗಿಸಿ, 120×45 ಬಿಂದುಗಳ ಚಿತ್ರವೊಂದನ್ನು ಮಾಡಿಕೊಳ್ಳುತ್ತದೆ.

ಸಾಮಾನ್ಯ ಪರದೆಯಲ್ಲಿ ಅಂಗುಲಕ್ಕೆ 96 ಬಿಂದುಗಳೆಂದು ಇಟ್ಟುಕೊಂಡರೆ, 120 ಬಿಂದುಗಳ ಅಗಲವು ಸುಮಾರು 3.2 ಸೆಂ.ಮೀ. ಆಗುತ್ತದೆ. 60 ಸೆಂ.ಮೀ. ದೂರದಲ್ಲಿರುವ ಕಣ್ಣಿನಲ್ಲಿ ಅದು ಉಂಟುಮಾಡುವ ಕೋನ 3.2/60 ರೇಡಿಯನ್, ಎಂದರೆ ಸುಮಾರು 3 ಡಿಗ್ರಿ. ಹುಣ್ಣಿಮೆಯ ಚಂದ್ರನ ಕೋನ ಅರ್ಧ ಡಿಗ್ರಿ. ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲದ ಈ ಕಿಟಕಿಯೊಳಗೆ ಕೋಟೆ, ಸೈನ್ಯ, ಡ್ರ್ಯಾಗನ್ ಎಲ್ಲವೂ ಹಿಡಿಯಬೇಕು!

ದೋಷವಿಲ್ಲದ ಕಣ್ಣು, ಡಿಗ್ರಿಯ ಅರುವತ್ತರಲ್ಲೊಂದು ಪಾಲಿನಷ್ಟು, ಎಂದರೆ 1 ಕೋನನಿಮಿಷದಷ್ಟು, ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲುದು. ನಮ್ಮ ಕಿಟಕಿಯ ಅಗಲ 180 ನಿಮಿಷ; ಅದರಲ್ಲಿರುವುದು 120 ಬಿಂದುಗಳು; ಒಂದೊಂದಕ್ಕೆ ಒಂದೂವರೆ ನಿಮಿಷ. ಆದುದರಿಂದ ಇಲ್ಲಿ ಚಿತ್ರವೇ ಕಣ್ಣಿಗಿಂತ ಒರಟು. ಕುಗ್ಗುವಾಗ ಕಳೆದುಹೋದ ವಿವರವನ್ನು ಎಷ್ಟು ಕಣ್ಣರಳಿಸಿ ನೋಡಿದರೂ ಮರಳಿ ಪಡೆಯಲಾಗದು.

ಆ ವಿವರ ಎಲ್ಲಿಗೆ ಹೋಯಿತು? 462×174 ಅಳತೆಯ ಚಿತ್ರದಲ್ಲಿರುವುದು 80,388 ಬಿಂದುಗಳು, 120×45ರಲ್ಲಿ 5,400. ಸುಮಾರು 15 ಬಿಂದುಗಳ ಬೆಳಕು ಬೆರೆತು, ಸರಾಸರಿಗೊಂಡು, ಒಂದೇ ಬಿಂದುವಾಗುತ್ತದೆ. ಕಪ್ಪು ಆಕಾಶದ ಮೇಲೆ ಒಂದು ಬಿಂದುವಿನಷ್ಟು ತೆಳುವಾದ ಬಿಳಿಯ ಕತ್ತಿಯನ್ನು ಬರೆದಿದ್ದೇವೆನ್ನಿ. ಅಗಲದಲ್ಲಿ ನಾಲ್ಕು ಬಿಂದುಗಳು ಒಂದಾಗುವಾಗ ಆ ಗೆರೆಯ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅದರ ಬದಲು ನಲವತ್ತು ಬಿಂದುಗಳಷ್ಟು ಅಗಲದ ಬಿಳಿಯ ಪಟ್ಟೆಯಿದ್ದರೆ, ಅದರ ನಡುಭಾಗವು ಸರಾಸರಿಗೊಂಡರೂ ಬಿಳಿಯಾಗಿಯೇ ನಿಲ್ಲುತ್ತದೆ. ಸಣ್ಣ ಗೆರೆಗಳು ಅಳಿಯುತ್ತವೆ, ದೊಡ್ಡ ಬೆಳಕುನೆರಳುಗಳು ಉಳಿಯುತ್ತವೆ. ಇದು ಮೊದಲನೆಯ ನಿಯಮ.

ಎರಡನೆಯದು ಬಣ್ಣಕ್ಕೆ ಸಂಬಂಧಿಸಿದ್ದು. ಕಣ್ಣು ಸೂಕ್ಷ್ಮ ವಿವರವನ್ನು ಹಿಡಿಯುವುದು ಮುಖ್ಯವಾಗಿ ಬೆಳಕಿನ ಹೆಚ್ಚುಕಡಿಮೆಯಿಂದಲೇ ಹೊರತು ಬಣ್ಣದ ವ್ಯತ್ಯಾಸದಿಂದಲ್ಲ. ಪರದೆಯ ಬಿಳಿಯ ಬೆಳಕನ್ನು 1 ಎಂದು ಭಾವಿಸಿದರೆ, ಅದರಲ್ಲಿ ಹಸಿರಿನ ಪಾಲು ಸುಮಾರು 0.72, ಕೆಂಪಿನದು 0.21, ನೀಲಿಯದು 0.07 ಮಾತ್ರ. ಎರಡು ಬಣ್ಣಗಳ ಬೆಳಕಿಗೂ 0.05ನ್ನು ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಅವುಗಳ ವೈದೃಶ್ಯದ ಅನುಪಾತ ದೊರೆಯುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಈ ಅನುಪಾತ 0.26/0.12, ಸುಮಾರು 2. ಅದೇ ನೀಲಿಯ ಮೇಲೆ ಹಳದಿಯಲ್ಲಿ ಬರೆದರೆ, ಹಳದಿಯು ಕೆಂಪು ಹಸಿರುಗಳ ಮೊತ್ತವಾದುದರಿಂದ, 0.98/0.12, ಸುಮಾರು 8. ವೆಬ್ ಪುಟಗಳ ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ 4.5 ಇರಬೇಕೆಂಬ ಅಂಗೀಕೃತ ನಿಯಮವಿದೆ. ಕೆಂಪು ಹಸಿರುಗಳ ಭೇದವನ್ನೇ ನಂಬಿದ ಚಿತ್ರಕ್ಕೆ ಮತ್ತೊಂದು ಅಪಾಯವುಂಟು: ಆ ಭೇದವನ್ನು ಸರಿಯಾಗಿ ಕಾಣಲಾರದವರು, ಅದರಲ್ಲಿಯೂ ಗಂಡಸರು, ನೋಡುಗರಲ್ಲಿ ಇದ್ದೇ ಇರುತ್ತಾರೆ.

ಮೂರನೆಯದು ಹೆಸರು. ಇಂಗ್ಲಿಷಿನ 'ಇ' ಎಂಬ ದೊಡ್ಡಕ್ಷರದಲ್ಲಿ ಮೂರು ಅಡ್ಡಗೆರೆಗಳೂ ಅವುಗಳ ನಡುವೆ ಎರಡು ತೆರಪುಗಳೂ ಇವೆ. ಕಡೆಯಪಕ್ಷ ಐದು ಸಾಲು ಬಿಂದುಗಳಿಲ್ಲದೆ ಅದು ಮೂಡದು. 45 ಸಾಲುಗಳ ಚಿತ್ರದಲ್ಲಿ ಇದೇ ಒಂಬತ್ತರಲ್ಲೊಂದು ಪಾಲು. ಆಯಾಸವಿಲ್ಲದೆ ಓದಬೇಕಾದರೆ ಇದರ ಎರಡರಷ್ಟಾದರೂ ಇರಬೇಕು. ಕೆಳಗೆ ಒತ್ತು, ಮೇಲೆ ಗುಡಿಸು ಪಡೆಯುವ ಕನ್ನಡದ ಅಕ್ಷರಗಳಿಗೆ ಇನ್ನೂ ಹೆಚ್ಚಿನ ಎಡೆ ಬೇಕು. ಸಣ್ಣ ಚಿತ್ರದ ಬಹುಭಾಗವನ್ನು ಹೆಸರೇ ತುಂಬಿರಲೆಂದು ಸ್ಟೀಮ್ ಸಲಹೆ ಕೊಡುವುದು ಇದಕ್ಕಾಗಿಯೇ. ಬಹುಮಾನಗಳ ಪಟ್ಟಿ, ವಿಮರ್ಶಕರ ಹೊಗಳಿಕೆ, ರಿಯಾಯಿತಿಯ ಕೂಗು ಇವನ್ನು ಮುಖಚಿತ್ರದಲ್ಲಿ ಬರೆಯಕೂಡದೆಂದು ಅದು 2022ರ ಸೆಪ್ಟೆಂಬರಿನಿಂದ ಕಟ್ಟುಮಾಡಿದೆ.

ಇನ್ನು ಆಕಾರದ ಮಾತು. ಹಿಂದೆ ಯಕ್ಷಗಾನದ ಬಯಲಾಟಗಳು ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿದ್ದಾಗ, ಹಿಂದೆ ಕುಳಿತವನಿಗೆ ವೇಷಧಾರಿಯ ಕಣ್ಣುಮೂಗು ಕಾಣದಿದ್ದರೂ ಕಿರೀಟದ ಹರವಿನಿಂದಲೇ ಬಂದವನು ರಾಕ್ಷಸನೆಂದು ತಿಳಿಯುತ್ತಿತ್ತು. ಮುಖಚಿತ್ರದಲ್ಲಿಯೂ ಅಂತಹ ಒಂದೇ ಒಂದು ಆಕಾರ ಸಾಕು. 2011ರಲ್ಲಿ ಹೊರಬಂದ 'ಸ್ಕೈರಿಮ್' ಎಂಬ ಆಟದಲ್ಲಿ ಪರ್ವತಗಳೂ ನಗರಗಳೂ ಯುದ್ಧಗಳೂ ಬೇಕಾದಷ್ಟಿವೆ. ಅದರ ಮುಖಚಿತ್ರದಲ್ಲಿ ಇದ್ದುದಾದರೋ ಕಪ್ಪಾದ ಹಿನ್ನೆಲೆಯ ಮೇಲೆ ಡ್ರ್ಯಾಗನ್ ಆಕೃತಿಯ ಒಂದು ಲಾಂಛನ. ಎಷ್ಟು ಕುಗ್ಗಿಸಿದರೂ ಅದು ಕೆಡುವುದಿಲ್ಲ.

ಆದರೆ ಕಣ್ಣಿಗೆ ಬೀಳುವುದೊಂದೇ ಗುರಿಯಲ್ಲ. ಮುಖಚಿತ್ರವು ಆಡುವವನಿಗೆ ಕೊಟ್ಟ ಮಾತು. 2001ರ 'ಇಕೋ' ಎಂಬ ಜಪಾನಿನ ಆಟವನ್ನು ನೋಡಿ. ಜಪಾನ್ ಮತ್ತು ಯೂರೋಪಿನಲ್ಲಿ ಬಳಸಿದ ಅದರ ಮುಖಚಿತ್ರವನ್ನು ಬರೆದವನು ಆಟದ ನಿರ್ದೇಶಕ ಫುಮಿತೊ ಉಯೆದಾನೇ. ಇಟಲಿಯ ಚಿತ್ರಕಾರ ಜಾರ್ಜೊ ದ ಕಿರಿಕೊನ ಶೈಲಿಯಿಂದ ಸ್ಫೂರ್ತಿಗೊಂಡು ಬರೆದನು. ವಿಶಾಲವಾದ ಬಯಲು, ದೊಡ್ಡ ಕಟ್ಟಡಗಳು, ನೀಳವಾದ ನೆರಳುಗಳು. ನಡುವೆ ಕೈಕೈ ಹಿಡಿದು ಓಡುವ ಎರಡು ಪುಟ್ಟ ಆಕೃತಿಗಳು. ಆಟವೂ ಅದೇ: ಹುಡುಗನೊಬ್ಬನು ಹುಡುಗಿಯೊಬ್ಬಳ ಕೈಹಿಡಿದು ಪಾಳುಕೋಟೆಯಿಂದ ಪಾರುಮಾಡುವುದು. ಚಿತ್ರದಲ್ಲಿ ಕಂಡುದೇ ಆಟದಲ್ಲಿ ದೊರೆಯುತ್ತದೆ. ಮಾತು ತಪ್ಪಿದರೆ ನಷ್ಟವೂ ಉಂಟು: ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮಿನಲ್ಲಿ ಹಣವನ್ನು ಹಿಂದಕ್ಕೆ ಕೇಳಬಹುದು.

ನಮ್ಮ ವಿದ್ಯಾರ್ಥಿಗಳನ್ನು ನಾವು ಕೇಳಿದೆವು: "ನಿಮ್ಮ ಆಟದಲ್ಲಿ ಆಡುವವನು ಹೆಚ್ಚು ಹೊತ್ತು ಏನು ಮಾಡುತ್ತಾನಪ್ಪ?" ಅವರು ಸ್ವಲ್ಪ ಯೋಚಿಸಿ, "ಕತ್ತಲೆಯಲ್ಲಿ ಲಾಟೀನು ಹಿಡಿದು ದಾರಿ ಹುಡುಕುತ್ತಾನೆ, ಸರ್" ಎಂದರು. ಡ್ರ್ಯಾಗನ್ ಬರುವುದು ಕೊನೆಯ ಹತ್ತು ನಿಮಿಷ. ಹುಡುಗಿಯ ಕೈಯಲ್ಲಿ ಕತ್ತಿಯೇ ಇಲ್ಲ! ಇಂತಹ ಆಟಗಳೆಂದರೆ ಡ್ರ್ಯಾಗನ್ ಇರಬೇಕೆಂದು ಬರೆದಿದ್ದರು, ಅಷ್ಟೆ. ಅದನ್ನು ಕೈಬಿಡುವುದು, ತಿಂಗಳುಗಟ್ಟಲೆ ಕುಳಿತು ಅದರ ಒಂದೊಂದು ಹುರುಪೆಯನ್ನೂ ತಿದ್ದಿದ್ದ ಹುಡುಗನಿಗೆ ಸುಲಭವಾಗಿರಲಿಲ್ಲ. ಹೊಸ ಚಿತ್ರದಲ್ಲಿ ಉಳಿದವು ಮೂರೇ: ದಟ್ಟನೀಲಿಯ ಕತ್ತಲೆ, ಹಳದಿಯ ಒಂದು ಬೆಳಕು, ಅದನ್ನು ಎತ್ತಿ ಹಿಡಿದ ಹುಡುಗಿಯ ಆಕೃತಿ. ಡ್ರ್ಯಾಗನ್ ಆಟದ ಪುಟದ ಒಳಗಣ ದೊಡ್ಡ ಚಿತ್ರಕ್ಕೆ ಹೋಯಿತು. ಅಲ್ಲಿ ಅದಕ್ಕೆ ರೆಕ್ಕೆ ಬಿಚ್ಚಲು ಸ್ಥಳವಿತ್ತು.

ಓದುಗರು ತಾವೇ ಮಾಡಿ ನೋಡಬಹುದಾದ ಪ್ರಯೋಗವೊಂದನ್ನು ಹೇಳಿ ಮುಗಿಸುತ್ತೇವೆ. ಯಾವುದಾದರೂ ಮುಖಚಿತ್ರವನ್ನು 30 ಸೆಂ.ಮೀ. ಅಗಲಕ್ಕೆ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿ. 5.6 ಮೀಟರು ಹಿಂದೆ ಸರಿದರೆ ಅದು ಕಣ್ಣಿನಲ್ಲಿ 3 ಡಿಗ್ರಿಯಷ್ಟಾಗುತ್ತದೆ. ಬಿಂದುಗಳ ಒರಟುತನವನ್ನೂ ಸೇರಿಸಬೇಕಾದರೆ ಅದರ ಒಂದೂವರೆಯಷ್ಟು, ಎಂದರೆ 8.4 ಮೀಟರು ಸರಿಯಿರಿ. ಆಟವನ್ನು ಅರಿಯದ ಗೆಳೆಯನೊಬ್ಬನನ್ನು ಅಲ್ಲಿ ನಿಲ್ಲಿಸಿ, ಚಿತ್ರವನ್ನು ಒಂದು ಕ್ಷಣ ತೋರಿಸಿ ಮುಚ್ಚಿ, ಎರಡು ಪ್ರಶ್ನೆಗಳನ್ನು ಕೇಳಿ: ಹೆಸರೇನು? ಈ ಆಟದಲ್ಲಿ ಏನು ಮಾಡಬೇಕಾದೀತು? ಎರಡಕ್ಕೂ ಉತ್ತರ ಬಂದರೆ ಚಿತ್ರ ಗೆದ್ದಿತು. ಬಾರದಿದ್ದರೆ ಗೆಳೆಯನ ಕಣ್ಣನ್ನು ದೂರಬೇಡಿ. ಹಲಗೆಯನ್ನು ಬರೆದವನು ಒಮ್ಮೆ ಬಸ್ಸಿನಿಂದಿಳಿದು, ಕಾಯುವವನು ನಿಂತಿರುವಲ್ಲಿಗೆ ನಡೆದುಹೋಗಿ ನೋಡಬೇಕು.