ಹೊತ್ತು ಕೇಳಿಕೊಂಡು ಹೋಗು ಮಗಾ

ಕೊಲಂಬಿಯಾಕ್ಕೆ ಹೊರಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಒಂದೇ ಸಮ ಗೋಳಾಡಿದಳು. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆಟ್ಟ ಹೆಸರು ಹೊತ್ತ ಸೀಮೆ ಎಂದರೆ ಏನೆಂದು ಕೊಳ್ಳೇಗಾಲದವರಾದ ನಮಗೆ ಗೊತ್ತು.

2000ದಲ್ಲಿ ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟುಕೊಂಡ. 2002ರಲ್ಲಿ ಅವನ ಕಡೆಯವರು ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯಿಂದ ಎಳೆದೊಯ್ದರು. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅವರ ಹೆಣ. ಆಗ ನಮ್ಮ ಕಡೆಯ ಹನೂರು ಅಂದರೆ ಸಾಕು, ಹೊರಗಿನವರು ಬೆಚ್ಚುತ್ತಿದ್ದರು. ಆದರೂ ಮಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಪರಸೆ ನಿಲ್ಲಲಿಲ್ಲ. ಗುಂಪು ಕಟ್ಟಿಕೊಂಡು, ಬೆಳಕಿರುವಾಗಲೇ, ಕೌದಳ್ಳಿಯ ಅಂಗಡಿಯವರನ್ನು ಮುಂದಿನ ದಾರಿ ಹೇಗಿದೆ ಎಂದು ಕೇಳಿಕೊಂಡು ಹೋಗುತ್ತಿದ್ದರು.

ನೀನೂ ಹಾಗೇ ಮಾಡು. 'ದೇಶ ಸೇಫಾ?' ಅಂತ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಯಾವ ರಸ್ತೆ, ಎಷ್ಟು ಹೊತ್ತಿನವರೆಗೆ ಅಂತ ಕೇಳು. ಯಳಂದೂರಿನವರು ಬಿಳಿಗಿರಿರಂಗನ ಬೆಟ್ಟಕ್ಕೆ ಇವತ್ತಿಗೂ ಕತ್ತಲಾಗುವುದರೊಳಗೆ ಹೋಗಿ ಇಳಿದುಬಿಡು ಅನ್ನುತ್ತಾರೆ, ಆನೆಗಳ ದಾರಿ ಅದು.

ಕೊಲಂಬಿಯಾದ ಫಾರ್ಕ್ ಬಂಡುಕೋರರು 2016ರಲ್ಲಿ ಸರ್ಕಾರದೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡರೂ ಬೇರೆ ಗುಂಪುಗಳು ಗಡಿಗಳಲ್ಲಿ, ಒಳನಾಡಿನಲ್ಲಿ ಇನ್ನೂ ಇವೆ. ಕಾರ್ತಹೇನಾದ ಕೋಟೆ ನೋಡು, ಕಾಫಿ ಬೆಟ್ಟಗಳಲ್ಲಿ ನಾಲ್ಕು ದಿನ ಇರು. ಗಡಿಯ ಕಡೆ ತಲೆ ಹಾಕಬೇಡ. ರಾತ್ರಿ ಬಸ್ಸು ಬೇಡ. ರಸ್ತೆಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸಬೇಡ, ಹೋಟೆಲಿನವರಿಂದಲೇ ಕರೆಸಿಕೋ. ಗುರುತಿಲ್ಲದವರು ಕೊಟ್ಟದ್ದನ್ನು ಕುಡಿಯಲೇಬೇಡ. ಸ್ಕೋಪೊಲಮೀನ್ ಬೆರೆಸಿ ಮಂಕು ಹಿಡಿಸಿ ದೋಚುವವರಿದ್ದಾರೆ. ನಮ್ಮ ಬೇಲಿಯ ಉಮ್ಮತ್ತಿಯಲ್ಲಿರುವ ವಿಷವೇ ಅದು. ಚಾಕು ತೋರಿಸಿದರೆ ಫೋನು ಕೊಟ್ಟುಬಿಡು, ಹಟ ಬೇಡ. ಬೊಗೊಟಾದ ನಮ್ಮ ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲಿ ಬರೆದು ಒಳಜೇಬಿನಲ್ಲಿಟ್ಟುಕೋ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಮೆಡೆಲಿನ್‌ನಲ್ಲಿ ಮಾದಕವಸ್ತು ದೊರೆ ಎಸ್ಕೋಬಾರ್ ಚಿತ್ರದ ಟೀ ಶರ್ಟ್ ಕೊಂಡು ಮೆರೆಯಬೇಡ. ಗೋಪಿನಾಥಂಗೆ ಬರುವ ಹುಡುಗರು ವೀರಪ್ಪನ್ ಊರು ಅಂತ ಸೆಲ್ಫಿ ತೆಗೆದುಕೊಂಡು ಹೋಗುವುದನ್ನು ಕಂಡಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅದೇ ಊರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ಶರಣಾಗುತ್ತೇನೆಂದು ನಂಬಿಸಿ ಕರೆಸಿ, 1991ರ ನವೆಂಬರ್‌ನಲ್ಲಿ ವೀರಪ್ಪನ್ ಅವರನ್ನು ಕೊಂದ. ಊರವರು ಅವರ ಪಟಕ್ಕೆ ಇಂದಿಗೂ ಕೈ ಮುಗಿಯುತ್ತಾರೆ. ಮೆಡೆಲಿನ್‌ನಲ್ಲೂ ಮನೆಯವರನ್ನು ಕಳೆದುಕೊಂಡವರು ನಿನ್ನ ಪಕ್ಕದ ಸೀಟಿನಲ್ಲೇ ಕೂತಿರಬಹುದು. ಅವರನ್ನು ಎಸ್ಕೋಬಾರ್ ಬಗ್ಗೆ ಕೇಳಬೇಡ. ಈ ಸಲ ಮಳೆ ಹೇಗಾಯಿತು, ಕಾಫಿಗೆ ಬೆಲೆ ಬಂತಾ ಅಂತ ಕೇಳು.