ಹಳ್ಳದ ದಂಡೆಯಲ್ಲಿ ಕಂಡ ಮೂಳೆಗಳು



ಅಮೆರಿಕ ಅಂದಕೂಡಲೇ ನಮಗೆ ದೊಡ್ಡ ದೊಡ್ಡ ಕಟ್ಟಡಗಳೇ ನೆನಪಾಗುತ್ತವೆ. ಆದರೆ ಆ ದೇಶದ ನೈಋತ್ಯ ಭಾಗದಲ್ಲಿ ಮಳೆ ಕಡಿಮೆ, ಬಯಲು ಜಾಸ್ತಿ. ಅಲ್ಲಿ ದನ, ಕುದುರೆ ಸಾಕುವ ವಿಶಾಲ ಹುಲ್ಲುಗಾವಲಿಗೆ ‘ರಾಂಚ್’ ಅನ್ನುತ್ತಾರೆ. ಅಂಥ ರಾಂಚಿನಲ್ಲಿ ದುಡಿದ ಜಾರ್ಜ್ ಮೆಕ್‌ಜಂಕಿನ್ ಅವರ ವಿಷಯ ಈಗ ತಿಳಿಯೋಣ.

ಬಾಲ್ಯ: ಇವರು 1851ರ ಸುಮಾರಿಗೆ ಟೆಕ್ಸಾಸ್‌ನಲ್ಲಿ ಗುಲಾಮರಾಗಿ ಹುಟ್ಟಿದರು. ಆಗ ಅಲ್ಲಿ ಕಪ್ಪು ಜನರನ್ನು ಸಂತೆಯ ದನಗಳ ಹಾಗೆ ಮಾರುತ್ತಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು. ಇವರು ದನಗಳ ಹಿಂದೆ ದುಡಿಯಲು ಹೊರಟರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ಕುದುರೆ ಪಳಗಿಸುವುದರಲ್ಲಿ ಗಟ್ಟಿಗರು. ರಾಂಚಿನ ಹುಡುಗರಿಗೆ ಆ ವಿದ್ಯೆ ಹೇಳಿಕೊಟ್ಟು, ಅವರಿಂದ ಓದು ಬರಹ ಕಲಿತರು. ವಿದ್ಯೆಗೆ ವಿದ್ಯೆಯೇ ಫೀಸು!

ಕೆಲಸ: ಮುಂದೆ ನ್ಯೂ ಮೆಕ್ಸಿಕೊದ ಫೋಲ್ಸಮ್ ಊರಿನ ಹತ್ತಿರ ‘ಕ್ರೋಫುಟ್’ ರಾಂಚಿನ ಮೇಲ್ವಿಚಾರಕರಾದರು. ಬೇಲಿ ನೋಡುವುದು, ದನ ಎಣಿಸುವುದು, ಆಳುಗಳಿಗೆ ಕೆಲಸ ಹೇಳುವುದು ಇವರ ಜವಾಬ್ದಾರಿ. ಕುದುರೆ ಮೇಲೆ ಹೋಗುವಾಗಲೂ ದೂರದರ್ಶಕ ಜೊತೆಗಿರುತ್ತಿತ್ತು.

ಶೋಧ: 1908ರ ಆಗಸ್ಟ್ 27ರಂದು ಫೋಲ್ಸಮ್‌ಗೆ ಭಾರಿ ಪ್ರವಾಹ ಬಂತು. ಹಲವರು ಸತ್ತರು. ನೀರು ಇಳಿದ ಮೇಲೆ ಮೆಕ್‌ಜಂಕಿನ್ ಬೇಲಿ ನೋಡಲು ಹೋದರು. ಹಳ್ಳದ ದಂಡೆ ಕೊರೆದುಹೋಗಿ, ಸುಮಾರು ಹತ್ತು ಅಡಿ ಆಳದಲ್ಲಿ ಮೂಳೆಗಳು ಕಂಡವು. ಬೇರೆಯವರಾಗಿದ್ದರೆ ‘ಯಾವುದೋ ಸತ್ತ ದನದ್ದು’ ಅಂತ ಮುಂದೆ ಹೋಗುತ್ತಿದ್ದರು. ಇವರು ಇಳಿದು ನೋಡಿದರು. ಬೈಸನ್ ಎಂಬ ಕಾಡುದನದ ಮೂಳೆಯಂತಿದೆ, ಆದರೆ ಅದಕ್ಕಿಂತ ದೊಡ್ಡದು. ಇಷ್ಟು ಮಣ್ಣಿನಡಿ ಇರಬೇಕಾದರೆ ಬಹಳ ಹಳೆಯದೇ ಇರಬೇಕು ಎಂದು ತರ್ಕಿಸಿದರು. ವರ್ಷಗಟ್ಟಲೆ ಹಲವರಿಗೆ ಹೇಳಿದರು. ಬಂದು ನೋಡಿದವರಿಲ್ಲ. 1922ರಲ್ಲಿ ತೀರಿಕೊಂಡರು.

ಅದೇ ವರ್ಷದ ಕೊನೆಯಲ್ಲಿ ಇವರ ಮಾತು ಕೇಳಿದ್ದ ರಾಟನ್ ಪಟ್ಟಣದ ಕಮ್ಮಾರ ಕಾರ್ಲ್ ಶ್ವಾಕ್‌ಹೈಮ್ ಸಂಗಡಿಗರೊಂದಿಗೆ ಅಲ್ಲಿಗೆ ಹೋದರು. 1926ರಲ್ಲಿ ಡೆನ್ವರ್ ವಸ್ತುಸಂಗ್ರಹಾಲಯದವರು ಅಗೆತ ಶುರುಮಾಡಿದರು. 1927ರಲ್ಲಿ ಪಕ್ಕೆಲುಬುಗಳ ನಡುವೆ ಮನುಷ್ಯ ಮಾಡಿದ ಕಲ್ಲಿನ ಈಟಿಮೊನೆ ಸಿಕ್ಕಿತು! ಆ ಜಾತಿಯ ಬೈಸನ್ ಅಳಿದು ಹತ್ತು ಸಾವಿರ ವರ್ಷ ಆಗಿದೆ. ಅಂದರೆ ಅಷ್ಟು ಹಿಂದೆಯೇ ಅಮೆರಿಕದಲ್ಲಿ ಮನುಷ್ಯರಿದ್ದರು. ಅಲ್ಲಿಯವರೆಗೆ ಹೆಚ್ಚಿನ ಪಂಡಿತರು ಇದನ್ನು ಒಪ್ಪಿರಲಿಲ್ಲ.

ಆದರೆ ಮೆಕ್‌ಜಂಕಿನ್ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹಲವು ದಶಕ ಕಳೆದ ಮೇಲೆಯೇ ಅವರಿಗೆ ಮನ್ನಣೆ ಸಿಕ್ಕಿತು.

ದನ ಕಾಯುವವರ ಮಾತು, ಕಮ್ಮಾರರ ಮಾತು ಎಂದು ಯಾರನ್ನೂ ಹಗುರವಾಗಿ ಕಾಣಬಾರದು. ನೆಲದ ಮೇಲೆ ದುಡಿಯುವವರಿಗೆ ನೆಲದ ಗುಟ್ಟು ಗೊತ್ತಿರುತ್ತದೆ.

ಉತ್ತರಿಸಿ:
1. ಮೂಳೆಗಳು ಹಳೆಯವು ಎಂದು ಮೆಕ್‌ಜಂಕಿನ್ ಹೇಗೆ ತಿಳಿದರು?
2. ಈಟಿಮೊನೆ ಪಕ್ಕೆಲುಬಿನ ನಡುವೆ ಸಿಗದೆ ಬೇರೆ ಕಡೆ ಸಿಕ್ಕಿದ್ದರೆ ಏನಾಗುತ್ತಿತ್ತು?

ಮಾಡಿ ನೋಡಿ: ಮಳೆ ನಿಂತ ಮೇಲೆ ದೊಡ್ಡವರ ಜೊತೆ ನಮ್ಮೂರ ಹಳ್ಳದ ದಂಡೆ ನೋಡಿ. ಮಣ್ಣಿನ ಪದರ ಎಷ್ಟಿವೆ ಎಣಿಸಿ. ಏನಾದರೂ ಕಂಡರೆ ಕೀಳಬೇಡಿ, ಗುರುಗಳಿಗೆ ಹೇಳಿ.